ಹಳದಿ ಗುಳಿಗೆ ಮತ್ತು ನೀಲವ್ವನ ಸಾಲು

ನಮ್ಮ ಓಣಿಯ ರೇಷ್ಮಾ ಈ ಸಲ ಸರ್ಕಾರಿ ದವಾಖಾನೆಯಲ್ಲಿ ಔಷಧ ಕೊಡುವ ಕೆಲಸಕ್ಕೆ ಸೇರಿದಳು. ಹಾಜರಾಗುವ ಮುಂಚಿನ ದಿನ ಪೇಢೆ ಹಿಡಿದುಕೊಂಡು ಬಂದವಳು, ನಿಮ್ಮ ಕಾಲದಲ್ಲಿ ಈ ಕೆಲಸ ಹೇಗಿತ್ತು ಅಂತ ನಾಲ್ಕು ಹಾಳೆ ಬರೆದುಕೊಡಿ ಚಾಚಾ, ಎಂದು ಕೇಳಿದಳು. ನಾನು ಪೇಢೆ ಬಾಯಿಗೆ ಹಾಕಿಕೊಂಡು ಹೂಂ ಅಂದೆ. ತಿಂದ ಮೇಲೆ ಬರೆಯದೆ ಗತಿಯಿಲ್ಲ.

ನಾನು ಯಾವಾಗ ಕಾಯಂ ಆದೆ, ಯಾವಾಗ ಬಡ್ತಿ ಬಂತು, ಬೀಳ್ಕೊಡುವಾಗ ಯಾರು ಯಾವ ಶಾಲು ಹೊದಿಸಿದರು, ಇದರಿಂದೆಲ್ಲ ಅವಳಿಗೆ ಮೂರು ಕಾಸಿನ ಉಪಯೋಗವಿಲ್ಲ. ಹಾವು ಕಡಿದವರ ಕಥೆ, ವಾಂತಿಭೇದಿಯ ಕಥೆ ಎಲ್ಲ ಕಂಪೌಂಡರುಗಳೂ ಹೇಳುತ್ತಾರೆ. ನನಗೆ ಕೆಲಸ ಕಲಿಸಿದ್ದು ಸೀನು. ನಗಬೇಡ ರೇಷ್ಮಾ. ಸೀನಿನಿಂದ ಯಾರು ಸಾಯುತ್ತಾರೆ ಎಂಬ ಧೈರ್ಯದಲ್ಲೇ ನಾನು ಎಡವಿದ್ದು.

ಎಂಬತ್ತರ ದಶಕದ ಆರಂಭದಲ್ಲಿ ನನಗೆ ಕಲಘಟಗಿ ತಾಲೂಕಿನ ದೇವಿಕೊಪ್ಪದ ಕಡೆಯಿಂದ ಅಣ್ಣಿಗೇರಿ ಸೀಮೆಯ ಒಂದು ಹಳ್ಳಿಗೆ ವರ್ಗವಾಯಿತು. ಅತ್ತ ಕಾಡಿನಂಚು, ಭತ್ತದ ಗದ್ದೆ. ಇತ್ತ ಕಣ್ಣು ಹಾಯುವಷ್ಟು ದೂರ ಎರೆಹೊಲ, ನಡುನಡುವೆ ಒಂದೊಂದು ಜಾಲಿ ಗಿಡ. ಮಳೆ ಬಂದರೆ ಚಪ್ಪಲಿ ಕೈಯಲ್ಲಿ, ಮಳೆ ನಿಂತರೆ ಧೂಳು ಕಣ್ಣಲ್ಲಿ. ಸಾಮಾನಿನ ಟ್ರಂಕು ಇಳಿಸಿದ ದಿನ ನನ್ನ ಹೆಂಡತಿ ಖಾತೂನ ಆ ಬಯಲು ನೋಡಿ, ಇಲ್ಲಿ ಗಾಳಿಗೆ ನಿಲ್ಲಲು ಒಂದು ಗಿಡವೂ ಇಲ್ಲವಲ್ಲ ಎಂದಳು. ಗಾಳಿ ಅಲ್ಲಿ ನಿಲ್ಲುತ್ತಲೇ ಇರಲಿಲ್ಲ.

ದವಾಖಾನೆ ಎಂದರೆ ಹಂಚಿನ ಎರಡು ಕೋಣೆ, ಮುಂದೊಂದು ಪಡಸಾಲೆ. ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ, ಮಂಗಳವಾರ ಮತ್ತು ಶುಕ್ರವಾರ ಮಾತ್ರ ಬಸ್ಸಿಗೆ ಬರುತ್ತಿದ್ದರು. ಉಳಿದ ದಿನ ನಾನೇ ಡಾಕ್ಟರು, ನಾನೇ ಕಂಪೌಂಡರು. ಕಸ ಗುಡಿಸುವವಳು ಬರದಿದ್ದರೆ ಅದೂ ನಾನೇ. ಜನ ನನ್ನ ಕೈಗುಣ ಒಳ್ಳೆಯದು ಎನ್ನುತ್ತಿದ್ದರು. ಹೊಗಳಿಕೆ ಎಂಬುದು ಬೆಲ್ಲದ ನೀರು, ಕುಡಿದಷ್ಟೂ ಬೇಕು. ನನ್ನ ಅರ್ಧ ತಪ್ಪುಗಳಿಗೆ ಆ ಬೆಲ್ಲದ ನೀರೇ ಕಾರಣ.

ಈಗಿನ ಹಾಗೆ ಪಟ್ಟಿಪಟ್ಟಿ ಗುಳಿಗೆ ಹರಿದುಕೊಡುವ ಕಾಲವಲ್ಲ ಅದು. ದೊಡ್ಡ ಜಾಡಿಯಲ್ಲಿ ಮಿಕ್ಸ್ಚರ್ ಕಲಸಿಡುತ್ತಿದ್ದೆ. ರೋಗಿಗಳು ತಮ್ಮ ಬಾಟಲಿ ತಾವೇ ತರಬೇಕು. ಎಣ್ಣೆಯ ವಾಸನೆ ಇದ್ದರೆ ಬೈದು ತೊಳೆಯಲು ಕಳಿಸುತ್ತಿದ್ದೆ. ಬಾಟಲಿಯ ಬಾಜು ಕಾಗದದ ಪಟ್ಟಿ ಅಂಟಿಸಿ ಅದರ ಅಂಚಿಗೆ ಹಲ್ಲು ಹಲ್ಲಾಗಿ ಕತ್ತರಿಸಬೇಕು. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಒಂದು ಹೊತ್ತಿನ ಔಷಧ. ಅಂಟು ಗೋಧಿಹಿಟ್ಟಿನದು. ಒಮ್ಮೆ ಜಿರಲೆಗಳು ಪಟ್ಟಿಯನ್ನೇ ತಿಂದುಬಿಟ್ಟವು, ಆ ರೋಗಿ ಗುರುತು ಕಾಣದೆ ಮೂರು ದಿನದ ಔಷಧ ಒಂದೇ ಸಲಕ್ಕೆ ಕುಡಿದು ಬಂದು, ಭಾಳ ಚಲೋ ಔಷಧ, ಇನ್ನೊಂದು ಬಾಟಲಿ ಕೊಡ್ರಿ ಎಂದ. ಗುಳಿಗೆಗಳನ್ನು ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಸೂರ್ಯ ಎಲ್ಲಿದ್ದಾಗ ನುಂಗಬೇಕೆಂದು ಕೈ ಎತ್ತಿ ತೋರಿಸುತ್ತಿದ್ದೆ. ಆ ಜಾಡಿಗಳ ಓಮಿನ ವಾಸನೆ ಈಗಲೂ ಮೂಗಿನಲ್ಲಿದೆ. ಅದಕ್ಕಾಗಿ ಜೀವ ಹಳಹಳಿಸುತ್ತದೆ, ಸುಳ್ಳು ಯಾಕೆ ಹೇಳಲಿ.

ಇನ್ನು ಸೀನಿನ ವಿಷಯ. ನಾನು ಹೋದ ಹೊತ್ತಿಗೆ ಆ ಸೀಮೆಗೆ ಕಾಂಗ್ರೆಸ್ ಕಸ ಕಾಲಿಟ್ಟು ಕೆಲವು ವರ್ಷ ಆಗಿತ್ತು. ಪಾರ್ಥೇನಿಯಂ ಎಂಬುದು ಡಾಕ್ಟರ್ ಬಾಯಿಯ ಬಾಯಲ್ಲಿ ಮಾತ್ರ. ಬಸ್ಸಿನ ರಸ್ತೆಯ ಎರಡೂ ಬದಿ, ಹೊಲದ ಬದು, ಶಾಲೆಯ ಬಯಲು, ಎಲ್ಲಿ ನೋಡಿದರೂ ಅದರ ಸಣ್ಣ ಬಿಳಿ ಹೂವು. ಮಳೆಗಾಲದ ಹಿಂದೆಯೇ ದವಾಖಾನೆಯ ಪಡಸಾಲೆ ತುಂಬುತ್ತಿತ್ತು. ಕಣ್ಣು ಕೆಂಪಗೆ, ಮೂಗು ಸೋರುತ್ತ, ಕೆಲವರಿಗೆ ಉಬ್ಬಸ, ಕೆಲವರಿಗೆ ಕುತ್ತಿಗೆ ಮೊಣಕೈಗಳಲ್ಲಿ ತುರಿಕೆ. ಜನ ಅದನ್ನು ನೆಗಡಿ ಎಂದೇ ತಿಳಿದಿದ್ದರು. ನೆಗಡಿ ಎಂಟು ದಿನಕ್ಕೆ ಹೋಗುತ್ತದೆ. ಇದು ಎರಡು ತಿಂಗಳು ಮನೆ ಅಳಿಯನ ಹಾಗೆ ಕೂತುಬಿಡುತ್ತಿತ್ತು.

ರೋಗಕ್ಕಿಂತ ಅಪಶಕುನದ ಕಾಟ ಹೆಚ್ಚು. ಹೊರಡುವಾಗ ಯಾರಾದರೂ ಸೀನಿದರೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಒಂದು ಸೀನು ಕೆಡುಕು, ಎರಡಾದರೆ ಅಡ್ಡಿಯಿಲ್ಲ ಎಂಬ ಲೆಕ್ಕ. ಒಬ್ಬೊಬ್ಬರು ಒಂದೇ ಉಸಿರಿಗೆ ಹದಿನೇಳು ಸೀನುವಾಗ ಏನು ಮಾಡುವುದೆಂದು ಹಿರಿಯರಿಗೂ ಗೊತ್ತಾಗಲಿಲ್ಲ. ಕಟ್ಟೆಯ ಮೇಲೆ ಅದರ ಬಗ್ಗೆ ವಾದವೇ ನಡೆಯಿತು. ಕೊನೆಯದು ಬೆಸವಾದರೆ ಕೆಡುಕು ಎಂದು ಒಬ್ಬ ಮುದುಕ ತೀರ್ಪು ಕೊಟ್ಟ. ಎಣಿಸುವವರು ಯಾರು ಎಂದು ಇನ್ನೊಬ್ಬ ಕೇಳಿದ.

ಸರ್ಕಾರದಿಂದ ಬರುತ್ತಿದ್ದ ಔಷಧದಲ್ಲಿ ಸೀನಿಗೆ ಇದ್ದದ್ದು ಸಿಪಿಎಂ, ಹೆಸರುಕಾಳಿಗಿಂತ ತುಸು ದೊಡ್ಡ ಹಳದಿ ಗುಳಿಗೆ. ಒಂದು ತಾಸಿನೊಳಗೆ ಮೂಗು ಒಣಗಿ ನಿಲ್ಲುತ್ತಿತ್ತು. ನನಗೆ ಅದರ ಮೇಲೆ ಬಹಳ ಅಭಿಮಾನ. ಡಾಕ್ಟರ್ ಬಾಯಿ ಕರಾವಳಿಯ ಕಡೆಯವರು, ಔಷಧ ಕೊಡುವುದಕ್ಕಿಂತ ಪ್ರಶ್ನೆ ಕೇಳುವುದು ಹೆಚ್ಚು. ಯಾವ ಕೆಲಸ ಮಾಡುತ್ತೀರಿ, ಎಲ್ಲಿ ಮಲಗುತ್ತೀರಿ, ಹಾಸಿಗೆ ಯಾವಾಗ ಬಿಸಿಲಿಗೆ ಹಾಕಿದ್ದಿರಿ. ಅವರ ಕನ್ನಡ ನಮ್ಮವರಿಗೆ ಅರ್ಧ, ನಮ್ಮವರ ಕನ್ನಡ ಅವರಿಗೆ ಅರ್ಧ; ನಡುವೆ ನಾನು ದುಭಾಷಿ. ಸಾಲು ಅಂಗಳದಾಚೆ ಬೆಳೆಯುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. ಅವರಿಲ್ಲದ ದಿನ ಇದೇ ಸಾಲನ್ನು ನಾನು ಅರ್ಧ ತಾಸಿನಲ್ಲಿ ಕರಗಿಸುತ್ತಿದ್ದೆ.

ಮೊದಲ ಎಚ್ಚರಿಕೆ ಕೊಟ್ಟವರು ಶಾಲೆಯ ಗಣಿತದ ಮಾಸ್ತರು. ಒಂದು ಮುಂಜಾನೆ ಸೀನುತ್ತ ಬಂದರು, ಎರಡು ಗುಳಿಗೆ ಕೊಟ್ಟು ಕಳಿಸಿದೆ. ಹೋಗಿ ಹಲಗೆಯ ಮೇಲೆ ಒಂದು ಲೆಕ್ಕ ಬರೆದು, ಬಿಡಿಸಿರಿ ಎಂದು ಹೇಳಿ, ಕುರ್ಚಿಯಲ್ಲಿ ಕೂತವರು ಸುಣ್ಣದ ಕಡ್ಡಿ ಹಿಡಿದೇ ನಿದ್ದೆ ಹೋದರು. ತರಗತಿಯ ಮಕ್ಕಳೆಲ್ಲ ಸದ್ದು ಮಾಡದೆ, ಚೀಲ ಎದೆಗವಚಿಕೊಂಡು ಒಬ್ಬೊಬ್ಬರಾಗಿ ಮನೆಗೆ ಹೋದರಂತೆ. ಅಷ್ಟು ಶಿಸ್ತು ಆ ಶಾಲೆಯಲ್ಲಿ ಹಿಂದೆ ಯಾರೂ ಕಂಡಿರಲಿಲ್ಲ. ಮಾಸ್ತರಿಗೆ ಎಚ್ಚರವಾದಾಗ ಲೆಕ್ಕ ಹಾಗೇ ಇತ್ತು, ಮಕ್ಕಳು ಇರಲಿಲ್ಲ. ಊರೆಲ್ಲ ನಕ್ಕಿತು, ನಾನೂ ನಕ್ಕೆ. ಡಾಕ್ಟರ್ ಬಾಯಿ ನಗಲಿಲ್ಲ. "ದಾವಲಸಾಬ್, ಗುಳಿಗೆ ಮೂಗಿಗೆ ಮಾತ್ರ ಹೋಗೋದಿಲ್ಲ, ಇಡೀ ಮನುಷ್ಯನಿಗೆ ಹೋಗ್ತದೆ. ಕೆಲಸ ಮಾಡುವವರಿಗೆ ಬೆಳಿಗ್ಗೆ ಕೊಡಬೇಡಿ. ಮಲಗುವಾಗ ಅರ್ಧ ಸಾಕು" ಎಂದರು. ಹೂಂ ಎಂದು ತಲೆಯಾಡಿಸಿದೆ. ತಲೆಯಾಡಿಸುವುದು ಬೇರೆ, ತಲೆಗೆ ಹೋಗುವುದು ಬೇರೆ.

ಎರಡನೆಯದು ಶಾಲೆಯ ಬಯಲಿನ ಪ್ರಸಂಗ. ಚೌತಿಯ ಮುಂದೆ ಊರಿನ ತರುಣರು ಆ ಬಯಲು ಹಸನು ಮಾಡಲು ಹೊರಟರು, ನಾನೇ ಮುಂದಾಳು. ಕಸ ಹೂವಾಗಿ ಬೆಳ್ಳಗೆ ನಿಂತಿತ್ತು. ಬರಿಗೈಯಲ್ಲಿ ಕಿತ್ತೆವು, ಎದೆಗೆ ಅವಚಿಕೊಂಡು ಹೊತ್ತೆವು, ಅದರ ಮೇಲೇ ಕೂತು ಮಂಡಕ್ಕಿ ತಿಂದೆವು. ಮೂರನೆಯ ದಿನಕ್ಕೆ ಇಪ್ಪತ್ತು ಜನ ತುರಿಸಿಕೊಳ್ಳುತ್ತ ಪಡಸಾಲೆಯಲ್ಲಿ ನಿಂತಿದ್ದರು, ಅವರ ನಡುವೆ ನಾನೂ. ಗುಲಾಬಿ ಬಣ್ಣದ ಕ್ಯಾಲಮೈನ್ ಕಲಸಿ ಕಲಸಿ ಕೈ ಸೋತಿತು. ಆ ವರ್ಷ ಗಣಪನ ಮೆರವಣಿಗೆಯಲ್ಲಿ ಮುಂದೆ ಕುಣಿದವರ ಮುಖವೆಲ್ಲ ಗುಲಾಬಿ. ನೋಡಿದವರು ಗುಲಾಲು ಎಂದುಕೊಂಡರು. ಹೂ ಬಿಡುವ ಮುಂಚೆಯೇ ಕೀಳಬೇಕು, ಕೈಗೆ ಗೋಣಿ ಸುತ್ತಿಕೊಳ್ಳಬೇಕು ಎಂದು ಮುಂದಿನ ವರ್ಷದಿಂದ ಊರಿಗೆ ಹೇಳಿದೆವು. ಮೈಯ ಮೇಲೆ ಬಂದ ಪಾಠ ಬೇಗ ಕಲಿಯುತ್ತೇವೆ. ಇನ್ನೊಬ್ಬರ ಮೇಲೆ ಬಂದದ್ದನ್ನು ಕಲಿಯಲು ನನಗೆ ನೀಲವ್ವ ಬೇಕಾಯಿತು.

ನೀಲವ್ವ ಬೀಜ ಬಿಡುವವಳು. ಕೂರಿಗೆ ಕಾಣದ ಇಂದಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಎತ್ತು ಎಳೆಯುವ ಕೂರಿಗೆಯ ಮೇಲೆ ಒಂದು ಮರದ ಬಟ್ಟಲು. ಬಟ್ಟಲಿನ ತಳದ ತೂತುಗಳಿಂದ ಮೂರು ಬಿದಿರಿನ ಕೊಳವೆ ನೆಲಕ್ಕಿಳಿದಿರುತ್ತವೆ. ಉಡಿಯಲ್ಲಿ ಬೀಜ ತುಂಬಿಕೊಂಡ ಹೆಂಗಸು ಹಿಂದೆ ನಡೆಯುತ್ತ ಮುಷ್ಟಿಯಿಂದ ಬಟ್ಟಲಿಗೆ ಕಾಳು ಬಿಡುತ್ತ ಹೋಗಬೇಕು. ಹೆಚ್ಚು ಬಿಟ್ಟರೆ ಬೆಳೆ ದಟ್ಟ, ಕಡಿಮೆ ಬಿಟ್ಟರೆ ತೆಳು, ಕೈ ನಿಂತರೆ ಮೂರೂ ಸಾಲು ಬಯಲು. ಎತ್ತಿನ ನಡಿಗೆಗೆ ಬೆರಳು ಹೊಂದಬೇಕು. ನೀಲವ್ವನ ಬೆರಳು ಹೊಂದಿದ ಹಾಗೆ ಸುತ್ತಿನ ಊರಿನಲ್ಲಿ ಯಾರದೂ ಹೊಂದುತ್ತಿರಲಿಲ್ಲ. ಅವಳ ಗಂಡ ಬಾಳಪ್ಪ ಕೂರಿಗೆ ಹೊಡೆಯುವವನು. ಹಿಂಗಾರಿ ಜೋಳದ ಬಿತ್ತನೆಯಲ್ಲಿ ದೊಡ್ಡ ಗೌಡರ ಹೊಲದ ಮೊದಲ ಸಾಲು ಅವಳ ಕೈಯದು. ಅದಾದ ಮೇಲೆ ಊರಿನ ಉಳಿದವರು ಅವಳನ್ನು ಕರೆಯುತ್ತಿದ್ದರು. ಅವಳ ಅತ್ತೆಗೆ ಇದ್ದ ಮಾನ ಅದು, ಅತ್ತೆಯಿಂದ ಅವಳಿಗೆ ಬಂದಿತ್ತು.

ಎರಡು ವರ್ಷದಿಂದ ಬಿತ್ತನೆಯ ಹೊತ್ತಿಗೆ ಸರಿಯಾಗಿ ಅವಳಿಗೆ ಸೀನು ಹತ್ತಿತ್ತು. ಹಿಂದಿನ ವರ್ಷ ಕೂರಿಗೆ ಪೂಜೆಯಾಗಿ, ಕಾಯಿ ಒಡೆದು, ಇನ್ನೇನು ಎತ್ತು ಹೆಜ್ಜೆ ಇಡಬೇಕು, ಆಗ ಸೀನಿದಳು. ಗೌಡರು ಎಲ್ಲರನ್ನೂ ಕೂರಿಸಿ ನೀರು ಕುಡಿಸಿದರು. ಎದ್ದರೆ ಮತ್ತೆ ಸೀನು. ಮೂರನೆಯ ಸಲ ನೀರು ಕುಡಿದ ಮೇಲೆ ಗೌಡರು ಬೀಜದ ಬುಟ್ಟಿಯನ್ನು ಇನ್ನೊಬ್ಬಳ ಕಡೆ ಸರಿಸಿದರು. ಆ ವರ್ಷ ಜೋಳದ ಸುಳಿಗೆ ಹುಳ ಬಿತ್ತು. ಸುಳಿಯ ಹುಳಕ್ಕೂ ನೀಲವ್ವನ ಮೂಗಿಗೂ ಏನು ನಂಟು ಎಂದು ಯಾರೂ ಕೇಳಲಿಲ್ಲ. ಈ ಸಲವೂ ಸೀನಿದರೆ ಇನ್ನು ಮುಂದೆ ಅವಳನ್ನು ಕರೆಯುವುದು ಬೇಡ ಎಂದು ಕಟ್ಟೆಯ ಮೇಲೆ ಮಾತಾಗಿತ್ತು.

ಉತ್ತರಿ ಮಳೆ ಹದವಾಗಿ ಬಿದ್ದ ಒಂದು ಬುಧವಾರ ಅವಳು ದವಾಖಾನೆಗೆ ಬಂದಳು. ಡಾಕ್ಟರ್ ಬಾಯಿ ಬರುವ ದಿನವಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲ ಬಳಿ ಕೂತಳು.

"ಕಂಪೌಂಡ್ರ, ನಾಳೆ ಗೌಡ್ರು ಕೂರಿಗಿ ಹೂಡತಾರ್ರಿ. ಆ ಒಂದ ದಿನ ಶೀನಲಾರದಂಗ ಮಾಡ್ರಿ. ಮುಂದ ಮೂಗು ಹರದು ಹೋದ್ರೂ ಹೋಗ್ಲಿ" ಅಂದಳು.

ನನಗೆ ಅದು ರೋಗಿಯ ಮಾತಾಗಿ ಕೇಳಿಸಲಿಲ್ಲ, ಪಂಥವಾಗಿ ಕೇಳಿಸಿತು. ಪಡಸಾಲೆಯಲ್ಲಿ ನಾಲ್ಕು ಜನ ಬೇರೆ ಕೂತಿದ್ದರು. "ಒಂದ ಸೀನು ಬಂತಂದ್ರ ನನ್ನ ಹೆಸರ ಬದಲ ಮಾಡ್ರಿ" ಎಂದುಬಿಟ್ಟೆ. ರಾತ್ರಿ ಒಂದು, ನಸುಕಿನಲ್ಲಿ ಒಂದು, ಹೊಲಕ್ಕೆ ಹೊರಡುವಾಗ ಇನ್ನೊಂದು ಎಂದು ಮೂರು ಗುಳಿಗೆ ಕಟ್ಟಿಕೊಟ್ಟೆ. ಮಲಗುವಾಗ ಅರ್ಧ ಎಂದಿದ್ದ ಡಾಕ್ಟರ್ ಬಾಯಿ ನೆನಪಾದರು. ಅವರು ನಾಡಿದ್ದು ಬರುವವರು, ಬಿತ್ತನೆ ನಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮರುದಿನ ನಾನೂ ಹೊಲಕ್ಕೆ ಹೋದೆ. ಪೂಜೆಯಾಯಿತು, ಕಾಯಿ ಒಡೆಯಿತು, ಎಲ್ಲರ ಕಣ್ಣೂ ಅವಳ ಮೂಗಿನ ಮೇಲೆ. ಸೀನು ಬರಲಿಲ್ಲ. ಎತ್ತು ನಡೆದವು. ಗೌಡರು ನನ್ನ ಕಡೆ ತಿರುಗಿ ಮೀಸೆಯೊಳಗೇ ನಕ್ಕರು. ನಾನು ಉಬ್ಬಿ ಪೂರಿಯಾಗಿ ಮನೆಗೆ ಬಂದೆ. ಖಾತೂನಳ ಮುಂದೆ ಎರಡು ಸಲ ಕಥೆ ಹೇಳಿದೆ.

ಎಂಟು ದಿನ ಕಳೆದು ಗೌಡರಿಂದ ಹೇಳಿಕೆ ಬಂತು, ಹೊಲಕ್ಕೆ ಬಂದು ಹೋಗಬೇಕಂತೆ. ಮೊಳಕೆ ಬಂದಿರಬೇಕು, ಹೊಗಳಲು ಕರೆದಿದ್ದಾರೆ ಎಂದುಕೊಂಡು ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ.

ಮೊಳಕೆ ಬಂದಿತ್ತು. ಕರಿ ನೆಲದ ಮೇಲೆ ಎಳೆ ಹಸಿರಿನ ಗೆರೆಗಳು ನೆಟ್ಟಗೆ ಓಡಿದ್ದವು. ಹಾಗೇ ನೋಡುತ್ತ ಹೋದರೆ ಒಂದು ಕಡೆ ಮೂರು ಗೆರೆಯೂ ಒಟ್ಟಿಗೆ ನಿಂತುಹೋಗಿ ಹತ್ತು ಮಾರು ಬರಿ ನೆಲ. ಮತ್ತೆ ಹಸಿರು, ಮತ್ತೆ ಬರಿ ನೆಲ. ಮೊದಲ ಹತ್ತು ಹದಿನೈದು ಸಾಲು ಚೆನ್ನಾಗಿದ್ದವು. ಆಮೇಲೆ, ಹೊತ್ತು ಏರಿದ ಹಾಗೆ, ಇಲಿ ಕಡಿದ ಸೀರೆಯ ಹಾಗೆ ಹೊಲ ತೂತು ಬಿದ್ದಿತ್ತು. ಬಾಳಪ್ಪನ ಕಣ್ಣು ಎತ್ತಿನ ಮೇಲೆ, ಸಾಲಿನ ನೇರದ ಮೇಲೆ ಇತ್ತು, ಹಿಂದೆ ಕೈ ನಿಂತದ್ದು ಅವನಿಗೆ ತಿಳಿದಿರಲಿಲ್ಲ. ನೀಲವ್ವ ಬದುವಿನ ಮೇಲೆ ತಲೆ ಬಗ್ಗಿಸಿ ನಿಂತಿದ್ದಳು.

"ಕಾಲು ನಡೀತಿದ್ವು ರೀ. ಕೈ ಮಲಗಿತ್ತು" ಎಂದಳು, ನೆಲ ನೋಡುತ್ತ.

ಗೌಡರು ದನಿ ಏರಿಸಲಿಲ್ಲ. "ಕಂಪೌಂಡ್ರ, ಶೀನು ನಿಂತಿತ್ರಿ. ಬೀಜಾನೂ ನಿಂತಿತ್ತು" ಅಂದರು.

ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಇಸ್ತ್ರಿ ಅಂಗಿಯಲ್ಲಿ ಬಂದ ದಾರಿಯಲ್ಲೇ ತಿರುಗಿದೆ. ಆ ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು, ಆದರೆ ಹಬ್ಬಿದ್ದು ನನ್ನ ಹೆಸರಲ್ಲಿ ಅಲ್ಲ. ನೀಲವ್ವನ ಕೈ ಹೋಯಿತು, ಅವಳಿಗೆ ವಯಸ್ಸಾಯಿತು, ಇನ್ನು ಬೇರೆಯವರನ್ನು ನೋಡಬೇಕು ಎಂದು ಜನ ಆಡಿಕೊಂಡರು. ಗುಳಿಗೆಯ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ, ಆದರೆ ಆ ದಿನ ನನಗೆ ಒಳಗೊಳಗೇ ಹಗುರಾಗಿತ್ತು.

ಮರುದಿನ ಸಂಜೆ ಬಸ್ಸಿನ ರಸ್ತೆಯಿಂದ ಬರುವಾಗ ನೀಲವ್ವ ಒಬ್ಬಳೇ ಗೌಡರ ಹೊಲದಲ್ಲಿ ಬಗ್ಗಿರುವುದು ಕಂಡಿತು. ಹಸಿ ಆರುವ ಮುಂಚೆ ಬಯಲು ಬಿದ್ದ ಜಾಗದಲ್ಲಿ ಕಾಳು ಊರುತ್ತಿದ್ದಳು. ಯಾರೂ ಮಾಡು ಎಂದಿರಲಿಲ್ಲ. ಬದುವಿನ ಬೇಲಿಯಿಂದ ಒಂದು ಮೊನಚು ಕಟ್ಟಿಗೆ ಕಿತ್ತುಕೊಂಡು ಹೋಗಿ ಅವಳ ಮುಂದೆ ತೂತು ಮಾಡುತ್ತ ಹೋದೆ. ನಾನು ತೂತು ಮಾಡುವುದು, ಅವಳು ಎರಡು ಕಾಳು ಬಿಟ್ಟು ಕಾಲಿನಿಂದ ಮಣ್ಣು ಸರಿಸುವುದು. ಮೂರು ಸಂಜೆ ಹಾಗೆ ಮಾಡಿದೆವು. ಮೂರನೆಯ ಸಂಜೆ, ತಪ್ಪು ನನ್ನದು ನೀಲವ್ವ, ನಾನು ಕೊಡಬಾರದಷ್ಟು ಕೊಟ್ಟೆ, ಕೊಡಬಾರದ ಹೊತ್ತಿಗೆ ಕೊಟ್ಟೆ, ಎಂದೆ.

ಅವಳು ನೆಟ್ಟಗೆ ನಿಂತು ಸೊಂಟದ ಮೇಲೆ ಕೈ ಇಟ್ಟಳು. "ನನಗ್ಯಾಕ ಹೇಳತೀರಿ? ನನಗ ಗೊತ್ತೈತಿ. ಊರಿಗೆ ಹೇಳ್ರಿ."

ಆ ರಾತ್ರಿ ಒಲೆಯ ಮುಂದೆ ಕೂತೆ. ಊರಲ್ಲಿ ಕಂಪೌಂಡರನ ನಂಬಿಕೆ ಒಂದು ಸಲ ಹೋದರೆ ಅವನ ಕೈಯ ನೀರೂ ಯಾರೂ ಕುಡಿಯುವುದಿಲ್ಲ ಎಂದು ಖಾತೂನಳಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ನೀಲವ್ವನ ಕೈಗೆ ಈಗ ಯಾರೂ ಬೀಜ ಕೊಡುವುದಿಲ್ಲವಲ್ಲ, ಅದು ಏನು ಎಂದು ಕೇಳಿದಳು. ಶುಕ್ರವಾರ ಡಾಕ್ಟರ್ ಬಾಯಿಗೆ ಎಲ್ಲ ಹೇಳಿದೆ. ಮೆಮೋ ಬರೆಯುತ್ತಾರೆ ಎಂದುಕೊಂಡಿದ್ದೆ. ಅವರು ಚಷ್ಮಾ ತೆಗೆದು ಒರೆಸಿ, "ಗೌಡರಿಗೆ ಹೇಳಿ ಬನ್ನಿ, ಆಮೇಲೆ ಮಾತಾಡುವ" ಎಂದರು. ಅಂದೇ ಸಂಜೆ ಕಟ್ಟೆಗೆ ಹೋದೆ. ಗೌಡರ ಸುತ್ತ ಎಂಟು ಹತ್ತು ಜನ ಇದ್ದರು. ನೀಲವ್ವನ ಕೈ ಕೆಟ್ಟಿಲ್ಲ, ನನ್ನ ಔಷಧ ಕೆಟ್ಟ ಅಳತೆಯದು, ಎಂದು ನಿಂತೇ ಹೇಳಿದೆ. ಗೌಡರು ಎಲೆಗೆ ಸುಣ್ಣ ಹಚ್ಚುತ್ತ, "ಬರೂ ವರ್ಷ ನೋಡೂಣು" ಎಂದರು. ಅಷ್ಟೇ.

ಊರಿದ ಕಾಳು ಮೊಳೆತವು, ಆದರೆ ತಡವಾಗಿ. ಆ ಇಡೀ ಹಂಗಾಮು ಸುತ್ತಿನ ಜೋಳ ಆಳೆತ್ತರ, ಆ ಜಾಗದಲ್ಲಿ ಎದೆಮಟ್ಟ. ಬಸ್ಸಿನಲ್ಲಿ ಕೂತು ಹೋಗುವವರಿಗೂ ಕಾಣುತ್ತಿತ್ತು. ಸುಗ್ಗಿಯವರೆಗೆ ನಾನು ಬಸ್ಸಿನಲ್ಲಿ ಇನ್ನೊಂದು ಬದಿಯ ಕಿಟಕಿಗೆ ಕೂತೆ.

ಹಾಗೆಂದು ನನ್ನ ದವಾಖಾನೆ ಖಾಲಿಯಾಗಲಿಲ್ಲ. ಬಂದವರೇ ಬಂದರು. ಗುಳಿಗೆ ಕೈಗಿಟ್ಟಾಗ ಮಾತ್ರ, "ಇದು ನಿದ್ದಿ ಗುಳಿಗಿ ಅಲ್ಲ ಹೌದಲ್ಲ ಕಂಪೌಂಡ್ರ?" ಎಂದು ಹಲ್ಲು ಕಿರಿದು ಕೇಳುತ್ತಿದ್ದರು. ತಪ್ಪೊಪ್ಪಿಕೊಂಡವನನ್ನು ಊರು ಗೇಲಿ ಮಾಡುತ್ತದೆ, ಬಿಟ್ಟುಹಾಕುವುದಿಲ್ಲ. ಇದು ಗೊತ್ತಿದ್ದರೆ ಎಂಟು ದಿನ ಮೊದಲೇ ಕಟ್ಟೆಗೆ ಹೋಗುತ್ತಿದ್ದೆ.

ಮರುವರ್ಷ ಮಳೆಗಾಲ ನಡುವಿಗೆ ಬಂದಾಗ ಡಾಕ್ಟರ್ ಬಾಯಿ ನನಗೆ ಒಂದು ಕೆಲಸ ಹಚ್ಚಿದರು. "ನೀಲವ್ವ ಎದ್ದಾಗಿನಿಂದ ಏನು ಮುಟ್ಟುತ್ತಾಳೆ, ಎಲ್ಲಿ ನಡೀತಾಳೆ, ನೋಡಿ ಬನ್ನಿ. ಔಷಧದ ಡಬ್ಬಿ ಇಲ್ಲೇ ಇಟ್ಟು ಹೋಗಿ." ಹೋದೆ. ಮನೆಯಲ್ಲಿ ಒಲೆ ಹಚ್ಚಿದಳು, ಸೀನಿಲ್ಲ. ಹಟ್ಟಿ ಬಳಿದಳು, ಸೀನಿಲ್ಲ. ರೊಟ್ಟಿಯ ಬುಟ್ಟಿ ಹಿಡಿದು ಓಣಿ ದಾಟಿದಳು, ಸೀನಿಲ್ಲ. ಊರಾಚೆ ಹಳ್ಳದ ದಂಡೆಗೆ ಬಂದವಳು ಬುಟ್ಟಿ ಕೆಳಗಿಟ್ಟು, ಬಗ್ಗಿ, ಎರಡು ಹಿಡಿ ಹಸಿ ಕಾಂಗ್ರೆಸ್ ಕಸ ಕಿತ್ತಳು. ಹೂವು ಸಮೇತ ಹಗ್ಗದ ಹಾಗೆ ಹೊಸೆದು, ಸಿಂಬಿ ಮಾಡಿ ತಲೆಯ ಮೇಲಿಟ್ಟು, ಅದರ ಮೇಲೆ ಬುಟ್ಟಿ ಹೊತ್ತಳು. ಹತ್ತು ಹೆಜ್ಜೆ ನಡೆದಿರಲಿಲ್ಲ, ಶುರುವಾಯಿತು.

ನಾನು ಅಲ್ಲೇ ನಿಂತೆ. ದಿನಾ ಕಣ್ಣೆದುರು ಹೋಗುತ್ತಿದ್ದ ಹೆಂಗಸು. ಹಿಂದಿನ ವರ್ಷ ಬೀಜದ ಬುಟ್ಟಿಯನ್ನೂ ಅದೇ ಸಿಂಬಿಯ ಮೇಲೆ ಹೊತ್ತು ಬಂದಿದ್ದಳು. ಅವಳ ಮೂಗನ್ನು ಊರೆಲ್ಲ ನೋಡಿತ್ತು, ತಲೆಯನ್ನು ಯಾರೂ ನೋಡಿರಲಿಲ್ಲ. ಯಾಕೆ ಇದರ ಸಿಂಬಿ ಎಂದು ಕೇಳಿದರೆ, ಮೊದಲು ಹಳ್ಳದ ಕರಿಕೆ ಹುಲ್ಲಿನದು ಮಾಡುತ್ತಿದ್ದೆ, ಮೂರು ವರ್ಷದಿಂದ ಕರಿಕೆಯನ್ನೆಲ್ಲ ಈ ಕಸ ನುಂಗಿದೆ, ಇದೂ ಮೆತ್ತಗೆ ತಂಪಾಗಿರುತ್ತದೆ, ಎಂದಳು. ಮೂರು ವರ್ಷ! ಸೀನು ಹತ್ತಿದ್ದೂ ಮೂರು ವರ್ಷ. ಎಲ್ಲ ಹೆಂಗಸರೂ ಹಾಗೇ ಮಾಡುತ್ತಾರೆ, ಅವರಿಗೆ ಇಲ್ಲದ್ದು ನನಗೇಕೆ ಎಂದು ವಾದಿಸಿದಳು. ಒಬ್ಬರ ಮೈಗೆ ಆಗಿದ್ದು ಇನ್ನೊಬ್ಬರಿಗೆ ಆಗಿಬರುವುದಿಲ್ಲ ಎಂದು ಹೇಳಿದೆ. ಅವಳು ನಂಬಲಿಲ್ಲ. ನಂಬುವಂಥ ಕಂಪೌಂಡರೂ ನಾನಾಗಿರಲಿಲ್ಲ.

ಖಾತೂನ ತನ್ನ ಹಳೆಯ ಸೀರೆಯೊಂದನ್ನು ಹರಿದು, ಹೊಸೆದು, ಹಸಿರು ದಾರದಿಂದ ಹೊಲಿದು ದಪ್ಪ ಸಿಂಬಿ ಮಾಡಿದಳು. ತಾನೇ ಹೋಗಿ ನೀಲವ್ವನ ತಲೆಯ ಮೇಲಿಟ್ಟು ಬಂದಳು. ಡಾಕ್ಟರ್ ಬಾಯಿ ಉಳಿದದ್ದನ್ನು ಹೇಳಿದರು: ಹೊಲದಲ್ಲಿ ಮೂಗಿಗೆ ಒದ್ದೆ ಬಟ್ಟೆ, ಮನೆಗೆ ಬಂದ ಕೂಡಲೇ ಮುಖ ತಲೆ ತೊಳೆದು ಸೀರೆ ಬದಲಿಸುವುದು, ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆಯುವುದು, ಬಿತ್ತನೆಗೆ ಎರಡು ವಾರ ಮುಂಚಿನಿಂದ ಮಲಗುವಾಗ ಅರ್ಧ ಗುಳಿಗೆ. ಬಿತ್ತನೆಯ ಹಿಂದಿನ ರಾತ್ರಿ ಅದೂ ಇಲ್ಲ. ಸೀನು ಪೂರ್ತಿ ಹೋಗಲಿಲ್ಲ. ಹೋಯಿತು ಎಂದು ಬರೆದರೆ ಕಥೆ ಚೆಂದ, ಆದರೆ ಸುಳ್ಳು. ಹತ್ತಿಪ್ಪತ್ತು ಇದ್ದದ್ದು ಎರಡು ಮೂರಕ್ಕೆ ಇಳಿಯಿತು.

ಕೂರಿಗೆ ಹೂಡುವ ದಿನ ಗೌಡರು ಅವಳನ್ನು ಕರೆದರು, ಪಕ್ಕದಲ್ಲಿ ಇನ್ನೊಬ್ಬಳನ್ನೂ ತಯಾರು ನಿಲ್ಲಿಸಿದ್ದರು. ಕಾಯಿ ಒಡೆಯಿತು. ಬಾಳಪ್ಪ ಬಾರುಕೋಲು ಎತ್ತಿದ. ನೀಲವ್ವ ಉಡಿಯೊಳಗೆ ಕೈ ಹಾಕಿದಳು. ನನ್ನ ಕಣ್ಣು ಅವಳ ಮೂಗಿನ ಮೇಲೆ. ಅಷ್ಟರಲ್ಲಿ ಒಂದು ಸೀನು ಬಂತು, ಎತ್ತುಗಳೂ ಕಿವಿ ನಿಮಿರಿಸುವಂಥದು. ಸೀನಿದವರು ದೊಡ್ಡ ಗೌಡರು. ಬದುವಿನ ಬಿಳಿ ಹೂವಿನ ನಡುವೆ, ಗಾಳಿಗೆ ಮುಖ ಮಾಡಿ ನಿಂತಿದ್ದರು.

ಬಾಳಪ್ಪ ಎತ್ತಿದ ಬಾರುಕೋಲು ಹಾಗೇ ಇಳಿಸಿದ. ನೀಲವ್ವ ಉಡಿಯಿಂದ ಕೈ ಹೊರಗೆ ತೆಗೆದಳು.

"ಗೌಡ್ರ, ಎತ್ತು ನಿಂದರಸೂಣೇನ್ರಿ? ನೀರು ತರ್ಲೇನು?" ಎಂದಳು. ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದರೂ ಸೆರಗಿನ ಒದ್ದೆ ಬಟ್ಟೆಯ ಹಿಂದೆ ಇತ್ತು.

ಗೌಡರು ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡರು. ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಹೊಡಿಯೋ ಬಾಳಪ್ಪ. ಗಾಳಿ ಐತಿ, ಮೂಗು ಐತಿ, ಶೀನು ಬರತೈತಿ" ಅಂದರು. ಮೂರನೆಯ ಸುತ್ತಿನಲ್ಲಿ ನೀಲವ್ವನೂ ಒಂದು ಸಲ ಸೀನಿದಳು. ಬೆರಳು ನಿಲ್ಲಲಿಲ್ಲ. ಯಾರೂ ತಿರುಗಿ ನೋಡಲಿಲ್ಲ.

ಈಗ ನಿದ್ದೆ ಬಾರದ ಗುಳಿಗೆಗಳು ಬಂದಿವೆ, ಮೂಗಿಗೆ ಹೊಡೆದುಕೊಳ್ಳುವ ಔಷಧ ಬಂದಿದೆ, ಬಿತ್ತಲು ಟ್ರ್ಯಾಕ್ಟರು ಬಂದಿದೆ. ಎಲ್ಲ ಒಳ್ಳೆಯದೇ. ಆದರೂ ರೇಷ್ಮಾ, ಆ ದಿನದಿಂದ ನಿವೃತ್ತಿಯ ದಿನದವರೆಗೆ ಪೊಟ್ಟಣ ಕಟ್ಟುವ ಮುಂಚೆ ನಾನು ಒಂದು ಮಾತು ಕೇಳದೆ ಬಿಟ್ಟಿಲ್ಲ: ನಾಳೆ ಮುಂಜಾನೆ ಏನು ಕೆಲಸ ಇದೆ? ಸಾಲು ಅಂಗಳದಾಚೆ ಬೆಳೆಯುತ್ತಿತ್ತು. ಬೆಳೆಯಲಿ ಎಂದು ಬಿಡುತ್ತಿದ್ದೆ.

ಗೌಡರು ಸೀನಿದ ಆ ಬಿತ್ತನೆಯ ಮೇಲೆ ಎಂಟನೆಯ ದಿನಕ್ಕೆ ಕಾಯಲಿಲ್ಲ, ಆರನೆಯ ದಿನವೇ ಒಬ್ಬನೇ ಹೊಲಕ್ಕೆ ಹೋದೆ. ಮೊಳಕೆ ಎದ್ದಿದ್ದವು. ಮೊದಲ ಸಾಲಿನಿಂದ ಹಿಡಿದು ನಡೆಯುತ್ತ ಹೋದೆ. ಎಲ್ಲೂ ಬಯಲಿಲ್ಲ. ಕಣ್ಣು ತುಂಬಿ ಬಂತು, ಕಸದ ಹೂವಿನಿಂದ ಎಂದು ಹೇಳಿದರೂ ನಡೆಯುತ್ತಿತ್ತು, ಆದರೆ ಅದರಿಂದಲ್ಲ. ಕೊನೆಯ ಸಾಲಿನ ತುದಿಗೆ ಬಂದು ನಿಂತೆ. ಅಲ್ಲಿ ಒಂದು ಗೇಣು ಬರಿ ನೆಲ.

ಅಷ್ಟರಲ್ಲಿ ನೀಲವ್ವ ಬುಟ್ಟಿ ಹೊತ್ತು ಅದೇ ದಾರಿಗೆ ಬಂದಳು. ತಲೆಯ ಮೇಲೆ ಖಾತೂನಳ ಸೀರೆಯ ಸಿಂಬಿ. ನಾನು ಆ ಗೇಣು ತೋರಿಸಿದೆ.

"ಅದು ಬೇಕಂತ ಬಿಟ್ಟೀನ್ರಿ. ನಿಮ್ಮ ಪಾಲಿಂದು" ಎಂದಳು. ಬುಟ್ಟಿ ಇಳಿಸಿ, ಸೆರಗಿನ ತುದಿಯ ಗಂಟು ಬಿಚ್ಚಿ, ನಾಲ್ಕು ಕಾಳು ಜೋಳ ನನ್ನ ಅಂಗೈಗೆ ಹಾಕಿದಳು. ನಾನು ಕೆಸರಿನಲ್ಲೇ ಮೊಣಕಾಲೂರಿ ಕೂತು, ಬೆರಳು ಪೂರ್ತಿ ಇಳಿಯುವ ಹಾಗೆ ನೆಲಕ್ಕೆ ಒತ್ತಿ ತೂತು ಮಾಡಿದೆ.

ಅವಳು ಬಗ್ಗಿ ನೋಡಿ ತಲೆಯಾಡಿಸಿದಳು. "ಅಷ್ಟ ಆಳ ಬ್ಯಾಡ್ರಿ ಕಂಪೌಂಡ್ರ. ಅದಕ್ಕೂ ಅಳತಿ ಐತಿ. ಹೆಚ್ಚಾತಂದ್ರ ಅದೂ ಮಲಗಿಬಿಡತೈತಿ."